ಟೀಚರ್ ಮನೆಯ ಏಳು ಸೆಕೆಂಡು

“ಇದು ಅವರದೇ ಕೆಮ್ಮು ಅಕ್ಕ. ಹದಿನಾಲ್ಕು ವರ್ಷದಿಂದ ಕೇಳ್ತಿದೀನಿ, ನನಗೆ ಗೊತ್ತಾಗಲ್ವಾ?”

ಡ್ರೈವರ್ ಹೆಂಡತಿ ಹೆಡ್‌ಫೋನ್ ತೆಗೆದು ನಮ್ಮ ಮನೆಯ ನನ್ನ ಕೆಲಸದ ಮೇಜಿನ ಮೇಲಿಟ್ಟಳು. ಬೆಳಗಿನ ಹನ್ನೊಂದೂವರೆಯವರೆಗೆ ನನಗೆ ಹೆದರುವ ಕಾರಣವೇ ಇರಲಿಲ್ಲ.

“ಇನ್ನೊಂದ್ ಸಲ ಕೇಳಿ ಹೇಳಮ್ಮ, ಅವಸರ ಏನಿಲ್ಲ,” ಎಂದರು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಇನ್ಸ್‌ಪೆಕ್ಟರು. ಅವರಿಗೆ ಬಲಗಿವಿ ಕೇಳಿಸುವುದಿಲ್ಲ. ಯಾರೇ ಮಾತಾಡಲಿ, ಎಡಗಿವಿಯನ್ನು ಅತ್ತ ತಿರುಗಿಸಿ ನೆಲ ನೋಡುತ್ತಾ ಕೂರುತ್ತಾರೆ. ಗೊತ್ತಿಲ್ಲದವರಿಗೆ ಅವರೇ ಏನೋ ತಪ್ಪು ಮಾಡಿ ಕೂತಿದ್ದಾರೆ ಎನಿಸಬೇಕು.

“ಎರಡು ಸಲ ಗಂಟಲು ಸರಿಮಾಡ್ಕೋತಾರೆ, ಆಮೇಲೆ ಕೀ ಗೊಂಚಲು ಝಲ್ ಅನ್ನಿಸ್ತಾರೆ. ಯಾರ ಮನೆ ಬಾಗಿಲಿಗೆ ಹೋದ್ರೂ ಅಷ್ಟೇ. ಬೆಲ್ ಒತ್ತಿದ್ದನ್ನ ನಾನು ನೋಡೇ ಇಲ್ಲ,” ಎಂದಳು. ಮತ್ತೆ ಕೇಳುವುದು ಬೇಡ ಎಂದು ತಲೆಯಾಡಿಸಿದಳು.

ವಾಚ್ ರಿಪೇರಿ ಅಜ್ಜ ಟೀಚರಮ್ಮನ ಮನೆಯ ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದು ಇವತ್ತಿಗೆ ಎಂಟು ದಿನ; ಟೀಚರಮ್ಮನ ತಮ್ಮ, ಈ ಬಸ್ ಡ್ರೈವರು, ಲಾಕಪ್ಪು ಸೇರಿ ಆರು ದಿನ. ಅಜ್ಜನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಬೀಳುವ ಹಿಂದಿನ ವಾರವಷ್ಟೇ ಅಂಗಡಿ ಮುಂದೆ ಅಜ್ಜನ ಜೊತೆ ಡ್ರೈವರು ಜಗಳ ಕಾದದ್ದನ್ನು ಇಡೀ ಬೀದಿ ಕಂಡಿತ್ತು. ಆ ಮಧ್ಯಾಹ್ನ ಅಕ್ಕನ ಮನೆ ಕಡೆ ಸುಳಿದೇ ಇಲ್ಲ, ಡಿಪೋದಲ್ಲಿ ಬಸ್ಸಿನೊಳಗೆ ಮಲಗಿದ್ದೆ ಎಂದು ಅವನು. ಹಾಗಾದರೆ ಈ ಕೆಮ್ಮು ಎಲ್ಲಿಂದ ಬಂತು ಎಂದು ಪೊಲೀಸರು.

ಕೆಮ್ಮು ಇದ್ದದ್ದು ಟೀಚರಮ್ಮನ ಪಾಡ್‌ಕಾಸ್ಟಿನಲ್ಲಿ. ನಿವೃತ್ತಿಯಾದ ಮೇಲೆ ಅವರು ವಾರಕ್ಕೊಬ್ಬ ಕಸುಬುದಾರರನ್ನು ಮನೆಗೆ ಕರೆಸಿ ಮಾತಾಡಿಸಿ ರೆಕಾರ್ಡ್ ಮಾಡುತ್ತಾರೆ. ಆ ದಿನ ಮೂರು ಗಂಟೆಗೆ ಕೂತದ್ದು ವಾಚ್ ರಿಪೇರಿ ಅಜ್ಜ. ಮಾತು ಮುಗಿದು ಅರ್ಧ ಗಂಟೆಯಲ್ಲಿ ಅಜ್ಜ ಬಿದ್ದಿದ್ದರು. ಕೆಮ್ಮು ಕೇಳಿಸುವುದು ಇಪ್ಪತ್ತೆರಡನೇ ನಿಮಿಷದಲ್ಲಿ.

ಆ ರೆಕಾರ್ಡಿಂಗಿನ ಸದ್ದು ಶುಚಿ ಮಾಡಿದವಳು ನಾನು.

ಮನೆಯಲ್ಲೇ ಕೂತು ಪಾಡ್‌ಕಾಸ್ಟ್ ಮಾಡುವವರು ಈಗ ಬೀದಿಗೊಬ್ಬರು. ಫ್ಯಾನು, ಫ್ರಿಜ್ಜು, ಪಕ್ಕದ ಮನೆಯ ಕುಕ್ಕರು, ಎಲ್ಲ ಸೇರಿಸಿ ರೆಕಾರ್ಡ್ ಮಾಡಿ ನನಗೆ ಕಳಿಸುತ್ತಾರೆ. ನಾನು ಕಸ ಹೆಕ್ಕಿ, ಒರೆಸಿ, ನಾಲ್ಕು ಜನ ಕೇಳುವ ಹಾಗೆ ಮಾಡಿ ಕೊಡುತ್ತೇನೆ. ಅಕ್ಕಪಕ್ಕದವರು ನನಗಿಟ್ಟ ಹೆಸರು ಕಿವಿಯಮ್ಮ. ಆ ಹೆಸರಿಗೆ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅದನ್ನೂ ಇಲ್ಲೇ ಹೇಳಿಬಿಡುವುದು ವಾಸಿ.

“ಕೋರ್ಟಲ್ಲಿ ಹಾಕಿದ್ರೆ ಹಿಂದಿನ ಬೆಂಚಿಗೂ ಕೇಳ್ಬೇಕು, ಕಿವಿಯಮ್ಮ. ಆ ಕೆಮ್ಮನ್ನ ಇನ್ನೊಂದ್ ಚೂರು ಸ್ಪಷ್ಟ ಮಾಡಿ ಕೊಡಿ,” ಎಂದರು ಇನ್ಸ್‌ಪೆಕ್ಟರು, ಲವಂಗ ಅಗಿಯುತ್ತಾ.

“ಹತ್ತು ನಿಮಿಷ ಸರ್. ಪಕ್ಕದಲ್ಲೇ ನಿಂತು ಕೆಮ್ಮಿದ ಹಾಗೆ ಮಾಡಿ ಕೊಡ್ತೀನಿ.”

ಹಾಗೆಂದು ಬೀಗಿದವಳು ನಾನೇ. ಆರು ದಿನದಿಂದ ಗಂಡ ಲಾಕಪ್ಪಿನಲ್ಲಿರುವ ಹೆಂಗಸಿನ ಮುಂದೆ.

ಸುತ್ತಲಿನ ಗುಯ್‌ಗುಡುವಿಕೆ ತಗ್ಗಿಸಿದೆ, ಕೆಮ್ಮನ್ನು ಏರಿಸಿದೆ. ಏರಿಸಿದಷ್ಟೂ ಕೀ ಗೊಂಚಲು ಸ್ಪಷ್ಟವಾಯಿತು. ಕೆಮ್ಮಿನ ಬೆನ್ನಿಗೇ ಒಂದು ಸಣ್ಣ ಪ್ರತಿಧ್ವನಿ ಉಳಿದಿತ್ತು. ಅದನ್ನೂ ಒರೆಸೋಣ ಎಂದು ಮೌಸ್ ಮೇಲೆ ಕೈಯಿಟ್ಟೆ.

ಕೈ ಅಲ್ಲೇ ನಿಂತಿತು.

ಟೀಚರಮ್ಮನ ರೆಕಾರ್ಡಿಂಗಿನಲ್ಲಿ ಪ್ರತಿಧ್ವನಿ ಇರಕೂಡದು. ಒಂದೂವರೆ ತಿಂಗಳ ಹಿಂದೆ ಅದನ್ನು ಓಡಿಸಿದವಳೇ ನಾನು. ಮೊದಲೆಲ್ಲ ಅವರು ಹಾಲಿನಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದರು. ಬೋಳು ಗೋಡೆ, ಟೈಲ್ಸ್ ನೆಲ. ಬಾವಿಯೊಳಗೆ ನಿಂತು ಪಾಠ ಮಾಡಿದ ಹಾಗೆ ಕೇಳುತ್ತಿತ್ತು. ನಾನು ಹೋಗಿ ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. “ಕೇಳಿದ್ರಾ ಟೀಚರ್, ಗೋಡೆ ವಾಪಸ್ ತಟ್ತಾ ಇದೆ,” ಎಂದೆ.

ರೆಕಾರ್ಡಿಂಗ್ ಒಳಗಿನ ಸಾಮಾನು ಕೋಣೆಯಲ್ಲಿ ಮಾಡಿ ಅಂದೆ. ಮೂರು ಗೋಡೆಗೂ ಹಳೇ ರಜಾಯಿ ತೂಗುಹಾಕಿ, ರೆಕಾರ್ಡರ್ ಕೆಳಗೆ ಮಡಚಿದ ಟವೆಲ್ ಇಡಿ, ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ. ಫ್ಯಾನಿನ ಮಾತೇ ಬೇಡ, ಆ ಕೋಣೆಯಲ್ಲಿ ಫ್ಯಾನೇ ಇಲ್ಲ. ರಜಾಯಿಗೆ ಕೊಕ್ಕೆ ಹೊಡೆಯಲು ನನ್ನ ಯಜಮಾನರನ್ನೇ ಕಳಿಸಿದೆ, ಅವರು ಬಡಗಿ. ಹತ್ತನೇ ಕಂತಿನಿಂದ ಟೀಚರಮ್ಮನ ದನಿ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಬಂತು. ಕೇಳುಗರು ಹೊಗಳಿ ಬರೆದರು. ಆ ಹೊಗಳಿಕೆಯಲ್ಲಿ ಅರ್ಧವನ್ನು ನಾನು ನನ್ನ ಪಾಲಿಗೆ ಎತ್ತಿಟ್ಟುಕೊಂಡಿದ್ದೆ.

ವಾಚ್ ರಿಪೇರಿ ಅಜ್ಜನದು ಹದಿನಾಲ್ಕನೇ ಕಂತು. ಕೆಮ್ಮಿನ ಹಿಂದಿದ್ದದ್ದು ಹಾಲಿನ ಪ್ರತಿಧ್ವನಿ.

ಇನ್ನೊಮ್ಮೆ ಕೇಳಿದೆ. ಕೆಮ್ಮಿನ ಕೆಳಗೆ ಫ್ಯಾನು ತಿರುಗುತ್ತಿತ್ತು, ಸುತ್ತಿಗೊಂದು ಸಣ್ಣ ‘ಕಟ್’. ಫ್ಯಾನಿಲ್ಲದ ಕೋಣೆಯಲ್ಲಿ ಫ್ಯಾನು. ಏಳು ಸೆಕೆಂಡು ಅದಿತ್ತು, ಆಮೇಲೆ ಮಾಯ.

ಆ ಏಳು ಸೆಕೆಂಡು ಎಲ್ಲಿಂದ ಬಂತೆಂದು ನನಗೆ ಹೊಳೆಯಿತು.

ನನ್ನ ಕಂಪ್ಯೂಟರಿನಲ್ಲಿ ‘ಮೌನಗಳು’ ಎಂಬ ಒಂದು ಫೋಲ್ಡರಿದೆ. ಪ್ರತಿ ಗಿರಾಕಿಯ ಮನೆಯ ಮೌನವನ್ನು ಅದರಲ್ಲಿ ತುಂಬಿಟ್ಟಿದ್ದೇನೆ. ಮಾತಿನ ನಡುವೆ ಸೀನೋ ಕುರ್ಚಿ ಎಳೆದದ್ದೋ ಬಂದರೆ ಕತ್ತರಿಸುತ್ತೇವೆ. ಕತ್ತರಿಸಿದ ಜಾಗವನ್ನು ಖಾಲಿ ಬಿಟ್ಟರೆ ಕೇಳುವವರ ಕಿವಿ ಎಡವುತ್ತದೆ. ಪ್ರತಿ ಕೋಣೆಗೂ ಯಾರೂ ಮಾತಾಡದಿದ್ದಾಗಿನ ಒಂದು ಸದ್ದಿರುತ್ತದೆ. ಅದನ್ನು ಒಂದು ತುಂಡು ತಂದು ತೇಪೆ ಹಾಕುತ್ತೇವೆ. ಈ ಕಸುಬಿನವರೆಲ್ಲ ಮಾಡುವುದೇ.

ಫೋಲ್ಡರ್ ತೆರೆದೆ. ದಂತವೈದ್ಯರ ಮನೆ, ಕತೆ ಹೇಳುವ ಅತ್ತೆ, ಟೀಚರ್ ಮನೆ. ಟೀಚರ್ ಮನೆಯ ಮೌನ ಒಂಬತ್ತನೇ ಕಂತಿನ ದಿನದ್ದು, ಹಾಲಿನದು. ಕೋಣೆ ಬದಲಾದ ಮೇಲೆ ಹೊಸ ಮೌನ ತುಂಬಿಟ್ಟುಕೊಳ್ಳಬೇಕಿತ್ತು. ನಾಳೆ ನಾಳೆ ಎಂದು ಬಿಟ್ಟಿದ್ದೆ.

ದನಿಯನ್ನು ಪೂರ್ತಿ ಏರಿಸಿ ಹೆಡ್‌ಫೋನಿನಲ್ಲಿ ಕೇಳಿದೆ. ಫ್ಯಾನು, ಕಟ್, ಕಟ್. ದೂರದಲ್ಲಿ, ಬಾಗಿಲಾಚೆ, ಎರಡು ಸಲ ಗಂಟಲು ಸರಿಮಾಡಿದ ಸದ್ದು. ಝಲ್.

ಒಂದೂವರೆ ತಿಂಗಳ ಹಿಂದೆ, ಒಂಬತ್ತನೇ ಕಂತಿನ ದಿನ, ಡ್ರೈವರು ಅಕ್ಕನ ಮನೆಗೆ ಬಂದಾಗ ಕೆಮ್ಮಿದ್ದು. ಅದನ್ನು ಮೌನ ಎಂದು ತುಂಬಿಟ್ಟವಳು ನಾನು. ಅಜ್ಜನ ಮಾತಿನ ನಡುವೆ ತಂದು ತುರುಕಿದವಳೂ ನಾನೇ.

“ಏನಾದ್ರೂ ಸಿಕ್ತಾ?” ಇನ್ಸ್‌ಪೆಕ್ಟರು ಎಡಗಿವಿ ತಿರುಗಿಸಿದರು.

“ಇಲ್ಲ ಸರ್. ಟೀ ತರ್ತೀನಿ,” ಎಂದೆ.

ಫೋಲ್ಡರ್ ಮುಚ್ಚಿ ಎದ್ದೆ. ಮುಚ್ಚಿದ್ದು ಯಾಕೆ ಎಂದು ಕೇಳಿದರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ನನ್ನೊಬ್ಬಳಿಗೇ ಗೊತ್ತು ಎಂದು ಮುಚ್ಚಿದೆ.

ಅಡುಗೆಮನೆಯಲ್ಲಿ ನೀರು ಕುದಿಯಲಿಟ್ಟು ಗೋಡೆ ನೋಡುತ್ತಾ ನಿಂತೆ. ಠಾಣೆಯಲ್ಲಿ ನಾನು ಸಹಿ ಹಾಕಿದ ಹೇಳಿಕೆ ಕಣ್ಣ ಮುಂದೆ ಬಂತು. ‘ಸದ್ದು ಶುಚಿ ಮಾಡಿದ್ದು ಬಿಟ್ಟರೆ ಇದರಿಂದ ಏನನ್ನೂ ತೆಗೆದಿಲ್ಲ, ಇದಕ್ಕೆ ಏನನ್ನೂ ಸೇರಿಸಿಲ್ಲ.’ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮೌನ ಸೇರಿಸುವುದನ್ನು ಸೇರಿಸುವುದು ಎಂದು ನಾನು ಯಾವತ್ತೂ ಎಣಿಸಿದವಳೇ ಅಲ್ಲ. ಈಗ ಬಾಯಿಬಿಟ್ಟರೆ ಕಿವಿಯಮ್ಮ ಎಂಬ ಹೆಸರು ಮಣ್ಣುಪಾಲು. ಬಾಯಿಮುಚ್ಚಿಕೊಂಡರೆ ಒಬ್ಬ ಮನುಷ್ಯ ತಾನು ಕೆಮ್ಮದ ಕೆಮ್ಮಿಗೆ ಜೈಲು.

ಹಿಂದೆ ಹೆಜ್ಜೆ ಕೇಳಿಸಿತು. ಡ್ರೈವರ್ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಸಕ್ಕರೆ ಬೇಡ ಅಕ್ಕ ನನಗೆ,” ಎಂದಳು. ಸ್ವಲ್ಪ ತಡೆದು, “ನಿಮ್ಮ ಹತ್ರ ಒಂದು ಕೇಳ್ಲಾ? ನೀವು ಸದ್ದಿನ ಬಗ್ಗೆ ತಿಳ್ಕೊಂಡೋರು. ಎರಡು ಜನರ ಕೆಮ್ಮು ಒಂದೇ ಥರ ಇರತ್ತಾ?”

“ಯಾಕೆ ಕೇಳ್ತೀಯಾ?”

“ಮೊದಲು ಕೇಳಿಸ್ದಾಗ ಪೊಲೀಸರಿಗೇ ಗೊತ್ತಾಗಿರ್ಲಿಲ್ಲ, ಯಾರದ್ದು ಅಂತ. ನಾನೇ ಅಂದೆ, ಅವರದ್ದು ಅಂತ. ಕೇಳಿದ ತಕ್ಷಣ ಬಾಯಿಂದ ಬಂದುಬಿಡ್ತು. ಗೊತ್ತಿಲ್ಲ ಅಂದಿದ್ರೆ ಮುಗೀತಿತ್ತಲ್ವಾ?” ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. “ನಿನ್ನೆ ನೋಡಕ್ಕೆ ಹೋಗಿದ್ದೆ. ಮುಖ ತಿರುಗಿಸ್ಕೊಂಡ್ರು. ‘ನಾನು ಹೋಗೇ ಇಲ್ಲ ಕಣೇ, ನೀನೂ ನಂಬಲ್ವಾ’ ಅಂದ್ರು. ನಾನು ನಂಬಲಿಲ್ಲ ಅಕ್ಕ. ಕಿವಿಯಾರೆ ಕೇಳಿದೀನಲ್ಲ, ಹೇಗೆ ನಂಬ್ಲಿ? ನಮ್ಮೋರು ಸುಳ್ಳುಗಾರರು ಅಂತ ಆರು ದಿನದಿಂದ ತಲೆ ಎತ್ತಿ ಬೀದೀಲಿ ನಡೀತಿಲ್ಲ ನಾನು.”

ನೀರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಆರಿಸಲಿಲ್ಲ, ಅವಳೇ ಬಂದು ಆರಿಸಿದಳು.

ತಲೆತಗ್ಗಿಸಬೇಕಾದವಳು ಯಾರು, ತಗ್ಗಿಸಿ ನಡೆಯುತ್ತಿರುವವಳು ಯಾರು! ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು ನನಗೆ. ಭೂಮಿ ಬಾಯಿಬಿಡುವುದಿಲ್ಲ, ನಾನೇ ಬಿಡಬೇಕಿತ್ತು.

“ಒಳಗೆ ಬಾ,” ಎಂದೆ. “ಇಬ್ರಿಗೂ ಒಟ್ಟಿಗೆ ಹೇಳ್ತೀನಿ.”

ಹೇಳಿದೆ. ಕುರ್ಚಿಯಲ್ಲಿ ಕೂರದೆ, ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ನಿಂತುಕೊಂಡೇ ಹೇಳಿದೆ. ಮೊದಲು ಒಂಬತ್ತನೇ ಕಂತಿನ ತುಂಡು ಹಾಕಿದೆ, ಆಮೇಲೆ ಅಜ್ಜನ ಕಂತಿನದು. ಪರದೆಯ ಮೇಲೆ ಎರಡನ್ನೂ ಒಂದರ ಕೆಳಗೊಂದು ಇಟ್ಟು ತೋರಿಸಿದೆ. ಏರಿಳಿತ ಗೆರೆಗೆ ಗೆರೆ ಒಂದೇ. ಒಬ್ಬ ಮನುಷ್ಯ ಎರಡು ಸಲ ಕೆಮ್ಮಿದರೆ ಹಾಗೆ ಬರಲು ಸಾಧ್ಯವೇ ಇಲ್ಲ.

“ಕೆಮ್ಮು ನಿಮ್ಮೋರದ್ದೇ,” ಎಂದೆ ಅವಳಿಗೆ. “ನೀನು ಹೇಳಿದ್ದು ನಿಜ. ಆದ್ರೆ ಅದು ಆ ದಿನದ್ದಲ್ಲ. ಅವ್ರು ಹೇಳಿದ್ದೂ ನಿಜ. ಸುಳ್ಳಾಗಿದ್ದು ನನ್ನ ಕೆಲಸ.”

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನೆಲದ ಮೇಲೆ ಕುಸಿದು ಕೂತಳು.

“ಆರು ದಿನ ಅಕ್ಕ,” ಎಂದಳು ಅಷ್ಟೇ.

ಇನ್ಸ್‌ಪೆಕ್ಟರು ಲವಂಗ ಅಗಿಯುವುದನ್ನು ನಿಲ್ಲಿಸಿದ್ದರು. ಫೈಲಿನಿಂದ ನನ್ನ ಹೇಳಿಕೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಓದಲಿಲ್ಲ. ನನ್ನ ಸಹಿಯ ಮೇಲೆ ಬೆರಳಿಟ್ಟರು.

“ಇದು ನಿಮ್ದೇ ತಾನೇ?”

“ನಂದೇ ಸರ್.”

“ಏನೂ ಸೇರಿಸಿಲ್ಲ ಅಂದಿದೀರಿ.”

“ಮೌನ ಅಂತ ಅಂದ್ಕೊಂಡೆ ಸರ್.”

“ಒಂದ್ ಕಿವಿ ಇಲ್ದೋನು ನಾನು. ಎರಡೂ ಇರೋರು ಹೀಗ್ ಮಾಡಿದ್ರೆ ನಾನ್ ಯಾರನ್ನ ನಂಬ್ಲಮ್ಮ?” ದನಿ ಏರಿಸದೆ ಕೇಳಿದರು. ಏರಿಸದೆ ಕೇಳಿದ್ದಕ್ಕೇ ಹೆಚ್ಚು ಚುಚ್ಚಿತು. “ಹೋಗ್ಲಿ. ತೇಪೆ ಹಾಕಿದ್ದು ಸರಿ, ತೇಪೆ ಅಂದ್ರೆ ಕೆಳಗೆ ತೂತಿರ್ಬೇಕಲ್ಲ. ಅಲ್ಲಿ ಮೊದಲು ಏನಿತ್ತು? ಏನನ್ನ ಕತ್ತರಿಸಿದ್ರಿ?”

ಇದಕ್ಕಿಂತ ಕೆಟ್ಟ ಪ್ರಶ್ನೆ ಇರಲಿಲ್ಲ.

“ಗೊತ್ತಿಲ್ಲ ಸರ್.”

“ಗೊತ್ತಿಲ್ಲ ಅಂದ್ರೆ?”

“ಕೇಳಿಸ್ಕೊಂಡಿಲ್ಲ. ಕಣ್ಣಲ್ಲಿ ನೋಡಿ ಕತ್ತರಿಸ್ದೆ.”

ಹೌದು. ಟೀಚರಮ್ಮ ಯಾವಾಗಲೂ ರೆಕಾರ್ಡ್ ಮುಗಿದ ಐದೇ ನಿಮಿಷಕ್ಕೆ ಫೈಲ್ ಕಳಿಸುತ್ತಾರೆ, ಅದೇ ಸಂಜೆ ವಾಪಸು ಬೇಕು ಎನ್ನುತ್ತಾರೆ. ಆ ದಿನವೂ ಅಜ್ಜ ಬೀಳುವ ಮೊದಲೇ ಫೈಲ್ ನನ್ನ ಕೈ ಸೇರಿತ್ತು. ಅವತ್ತು ಫೋನಿನಲ್ಲಿ ಹೊಸ ಗಿರಾಕಿಯೊಬ್ಬರು ಸಿಕ್ಕಿದ್ದರು. ನನ್ನ ಕಿವಿ ಎಂಥದ್ದು ಎಂದು ಅವರಿಗೆ ಕೊಚ್ಚಿಕೊಳ್ಳುತ್ತಾ, ಪರದೆಯ ಮೇಲೆ ಉಬ್ಬು ಕಂಡಲ್ಲೆಲ್ಲ ಕತ್ತರಿಸುತ್ತಾ ಹೋದೆ. ಇಪ್ಪತ್ತೆರಡನೇ ನಿಮಿಷದಲ್ಲಿ ಒಂದು ಉಬ್ಬಿತ್ತು. ಮೈಕು ತಾಗಿರಬೇಕು ಎಂದುಕೊಂಡೆ. ಕೆಲಸ ಮುಗಿದ ಮೇಲೆ ಮೂಲ ಫೈಲನ್ನು ಅಳಿಸಿಹಾಕಿದೆ. ಅದೂ ಅಭ್ಯಾಸ.

“ಟೀಚರಮ್ಮನ ರೆಕಾರ್ಡರಲ್ಲಿ ಇರ್ಬೇಕಲ್ಲ?” ಎಂದೆ, ಆಸೆಯಿಂದ.

“ಅಳಿಸಿಬಿಟ್ಟಿದ್ದಾರೆ. ಮುಂದಿನ ಕಂತಿಗೆ ಜಾಗ ಬೇಕಿತ್ತಂತೆ,” ಎಂದರು ಇನ್ಸ್‌ಪೆಕ್ಟರು. “ಮನೇಲಿ ತಾನು ಮತ್ತು ಅಜ್ಜ ಇಬ್ರೇ ಇದ್ದಿದ್ದು ಅಂತ ಬೇರೆ ಹೇಳಿದ್ದಾರೆ. ಆಮೇಲೆ ಕೆಮ್ಮು ಕೇಳಿಸಿದಾಗ, ತಮ್ಮ ಯಾವಾಗ ಬಂದ್ನೋ ನಾನು ನೋಡಿಲ್ಲ ಅಂದ್ರು. ಸ್ವಂತ ಅಕ್ಕ.”

ನೆಲದ ಮೇಲಿದ್ದವಳು ತಲೆಯೆತ್ತಿದಳು. “ನಿಮ್ಮ ಕಂಪ್ಯೂಟರಲ್ಲಿ ಎಲ್ಲೂ ಉಳಿದಿರಲ್ವಾ ಅಕ್ಕ? ಬಟ್ಟೆ ಕತ್ತರಿಸಿದ್ರೆ ಚೂರಾದ್ರೂ ಬಿದ್ದಿರತ್ತಲ್ಲ?”

ನಾನು ಅವಳನ್ನೇ ನೋಡಿದೆ. ಇಷ್ಟು ವರ್ಷ ಈ ಕುರ್ಚಿ ಸವೆಸಿದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಕತ್ತರಿಸಿದ ತುಂಡುಗಳನ್ನು ಈ ಪ್ರೋಗ್ರಾಮು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಟ್ಟಿರುತ್ತದೆ, ನಾವೇ ಹೋಗಿ ಖಾಲಿ ಮಾಡುವವರೆಗೆ. ಮಾಡುವುದು ನಾನು ತಿಂಗಳಿಗೊಮ್ಮೆ. ಸೋಮಾರಿತನ ಒಂದು ಸಲವಾದರೂ ಉಪಕಾರಕ್ಕೆ ಬಂತು.

ಹುಡುಕಿದೆ. ಆ ದಿನದ ತಾರೀಖಿನ ಕೆಳಗೆ ಇಪ್ಪತ್ತೇಳು ಚೂರುಗಳು. ಸೀನು, ಲೋಟ, ತುಟಿ ಚಪ್ಪರಿಸಿದ್ದು. ಏಳು ಸೆಕೆಂಡಿನದು ಒಂದೇ ಒಂದು.

ಇನ್ಸ್‌ಪೆಕ್ಟರು ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡು, ಎಡಗಿವಿಯನ್ನು ಅದಕ್ಕೆ ಒಡ್ಡಿ ಕೂತರು. ನಾನು ಒತ್ತಿದೆ.

ರಜಾಯಿ ಕೋಣೆಯ ಗಟ್ಟಿ ನಿಶ್ಶಬ್ದ; ಅಜ್ಜ ಎದ್ದು ಹೊರಗೆ ಹೋಗಿದ್ದ ಹೊತ್ತಿರಬೇಕು. ಚಿಲಕ ಸರಿದ ಸದ್ದು. ಹೆಜ್ಜೆ, ಮೂರೋ ನಾಲ್ಕೋ. ಬಟ್ಟೆ ಸರಿದದ್ದು. ಆಮೇಲೆ ಟೀಚರಮ್ಮನ ಪಿಸುದನಿ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ:

“ಈಗ ಬೇಡ. ಹಿಂದಿನ ಮೆಟ್ಟಿಲ ಹತ್ರ ಇರಿ, ಅಜ್ಜನ್ನ ಅಲ್ಲಿಗೇ ಕರ್ಕೊಂಡು ಬರ್ತೀನಿ.”

ಮುಗಿಯಿತು.

“ಇಬ್ರೇ ಇದ್ದಿದ್ದು ಅಂದ್ರಲ್ಲ ಮಹಾತಾಯಿ!” ಇನ್ಸ್‌ಪೆಕ್ಟರು ತೊಡೆ ತಟ್ಟಿದರು. “ತಮ್ಮನಿಗೆ ‘ಇರಿ’ ಅಂತಾರೇನಮ್ಮ?”

“ಏಕವಚನವೇ ಸರ್. ನಮ್ಮೋರ್ನ ಸಾಕಿದ್ದೇ ಅತ್ತಿಗೆ,” ಎಂದಳು ಡ್ರೈವರ್ ಹೆಂಡತಿ. ಅವಳ ಕಣ್ಣಲ್ಲಿ ಆ ಬೆಳಗಿನಲ್ಲೇ ಮೊದಲ ಸಲ ಜೀವ ಬಂದಿತ್ತು. ಟೀಚರಮ್ಮ ಅವಳಿಗೆ ಅತ್ತಿಗೆ. ಆ ಮಾತು ಹೇಳುವಾಗ ಅವಳ ದನಿ ಕಹಿಯಾಯಿತು.

“ಹಾಗಾದ್ರೆ ಯಾರೋ ಹೊರಗಿನೋರು. ಆ ಹೆಜ್ಜೆ ಇನ್ನೊಂದ್ ಸಲ ಹಾಕಿ.”

ಹಾಕಿದೆ. ಟಕ್, ಪಟಕ್. ಟಕ್, ಪಟಕ್.

ಒಂದು ಕಾಲಿನದು ಸಾಮಾನ್ಯ ಹೆಜ್ಜೆ. ಇನ್ನೊಂದು ಕಾಲಿನದಕ್ಕೆ ಹಿಂದೆಯೇ ಮತ್ತೊಂದು ಏಟು, ಬೂಟಿನ ಅಟ್ಟೆ ಬಿಟ್ಟುಕೊಂಡು ನೆಲಕ್ಕೆ ಬಡಿಯುವುದು.

“ಒಂದು ಬೂಟಿನ ಅಟ್ಟೆ ಕಿತ್ತಿದೆ,” ಎಂದರು ಇನ್ಸ್‌ಪೆಕ್ಟರು. “ಬೂಟು ಸಿಕ್ರೆ ಮನುಷ್ಯ ಸಿಕ್ಕ. ಕಿವಿಯಮ್ಮ, ಎಲ್ಲಾದ್ರೂ ಕೇಳಿದ ಹೆಜ್ಜೆ ಅನ್ಸತ್ತಾ? ಬೀದಿಯೋರ ನಡಿಗೆ ಎಲ್ಲ ನಿಮ್ಗೆ ಗೊತ್ತಂತಲ್ಲ.”

ಅಟ್ಟೆ ಹೊಲಿಸಿಕೊಂಡು ಬನ್ನಿ ಎಂದು ಮೂರು ವಾರ ದಿನಾ ಹೇಳಿದ್ದೆ. ಹೇಳಿ ಹೇಳಿ ಸಾಕಾಗಿ ಹೇಳುವುದನ್ನು ಬಿಟ್ಟಿದ್ದೆ. ಆ ಮಧ್ಯಾಹ್ನವೆಲ್ಲ ಊರಾಚೆಯ ಮರದ ಮಿಲ್ಲಿನಲ್ಲಿದ್ದೆ ಎಂದಿದ್ದರು ನನ್ನ ಯಜಮಾನರು. ನಾನು ನಂಬಿದ್ದೆ.

ಅವತ್ತು ಫೋನು ಕೆಳಗಿಟ್ಟು ಕೇಳಿಸಿಕೊಂಡಿದ್ದರೂ ನನಗೆ ಈ ಹೆಜ್ಜೆ ಕೇಳಿಸುತ್ತಿತ್ತೋ ಇಲ್ಲವೋ. ದಿನಾ ಮನೆಯೊಳಗೆ ಓಡಾಡುವ ಸದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

“ಸರ್, ಅದು…” ಎಂದೆ.

ಗೋಡೆ ಗಡಿಯಾರ ಒಂದು ಹೊಡೆಯಿತು. ಊಟದ ಹೊತ್ತು. ಕೆಳಗೆ ಗೇಟು ಕಿರುಗುಟ್ಟಿ ಮುಚ್ಚಿಕೊಂಡಿತು, ಯಾರೋ ನಮ್ಮ ಮೆಟ್ಟಿಲು ಹತ್ತತೊಡಗಿದರು.

ಟಕ್, ಪಟಕ್.

ಇನ್ಸ್‌ಪೆಕ್ಟರು ಸ್ಪೀಕರಿಗೆ ಎಡಗಿವಿ ಕೊಟ್ಟು ನೆಲ ನೋಡುತ್ತಾ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಬಾಗಿಲ ಕಡೆಗಿದ್ದದ್ದು ಅವರ ಬಲಗಿವಿ. ಅವರಿಗೆ ಏನೂ ಕೇಳಿಸಿರಲಿಲ್ಲ.

ಡ್ರೈವರ್ ಹೆಂಡತಿಗೆ ಕೇಳಿಸಿತು. ಅವಳು ಬಾಗಿಲು ನೋಡಿದಳು, ಆಮೇಲೆ ನನ್ನನ್ನು. ನಿಧಾನವಾಗಿ ಎದ್ದು ನನ್ನ ಪಕ್ಕ ಬಂದು ನಿಂತಳು.

“ನಮ್ಮೋರ್ನ ನಾನು ಗುರುತು ಹಿಡಿದೆ ಅಕ್ಕ,” ಎಂದಳು, ನನಗಷ್ಟೇ ಕೇಳುವಷ್ಟು ಮೆಲ್ಲಗೆ. “ಈಗ ನೀವು ಹೇಳಿ.”

ಪಟಕ್. ಹೆಜ್ಜೆ ಬಾಗಿಲ ಮುಂದೆ ಬಂದು ನಿಂತಿತು.